ಪೆರ್ಲದಿಂದ ಟ್ಯೂಬಿಂಗನ್‌ಗೆ: ರೈಲು, ವಿಮಾನ, ಮೊದಲ ತರಗತಿ

ಗುರುವಾರ

ವೀಸಾ ಕೈಗೆ ಬಂದಾಗ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ತರಗತಿ ಶುರುವಾಗಲು ವಾರವಷ್ಟೇ ಬಾಕಿ. ಆ ಹೊತ್ತಿಗೆ ಮಂಗಳೂರು, ಕಣ್ಣೂರು, ಬೆಂಗಳೂರು ಎಲ್ಲಿಂದ ನೋಡಿದರೂ ವಿಮಾನದ ಟಿಕೇಟು ಮುಟ್ಟುವ ಹಾಗಿರಲಿಲ್ಲ. ಮುಂಬೈಯಿಂದ ಫ್ರಾಂಕ್‌ಫರ್ಟ್‌ಗೆ ಮಾತ್ರ ಒಂದು ವಿದ್ಯಾರ್ಥಿ ಟಿಕೇಟು ಸಿಕ್ಕಿತು, 23 ಕಿಲೋದ ಎರಡು ಪೆಟ್ಟಿಗೆ ಒಯ್ಯಬಹುದಾದದ್ದು. ಹಾಗಾಗಿ ನನ್ನ ಜರ್ಮನಿ ಪ್ರಯಾಣ ಕಾಸರಗೋಡಿನ ರೈಲು ನಿಲ್ದಾಣದಿಂದ ಶುರುವಾಯಿತು. ಅಲ್ಲಿಂದ ನೇತ್ರಾವತಿ ಎಕ್ಸ್‌ಪ್ರೆಸ್ಸಿನಲ್ಲಿ ಮುಂಬೈ.

ದುಡ್ಡಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ಮಕ್ಕಳು ನನ್ನಲ್ಲಿ ಮೊದಲು ಕೇಳುವುದು ಅದನ್ನೇ. ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಎಂಬ ಮಾತು ಎಲ್ಲ ಕಡೆಗೂ ಹೊಂದುವುದಿಲ್ಲ. ಟ್ಯೂಬಿಂಗನ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ಯುರೋಪು ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ಉಂಟು. ಅದಲ್ಲದೆ ಒಂದು ವರ್ಷದ ಖರ್ಚಿಗೆಂದು 11,904 ಯೂರೋವನ್ನು ಮುಂಚಿತವಾಗಿಯೇ ಒಂದು ವಿಶೇಷ ಖಾತೆಯಲ್ಲಿ ಇಟ್ಟು ತೋರಿಸಬೇಕು. ಅಲ್ಲಿಗೆ ಹೋದ ಮೇಲೆ ಅದರಿಂದ ತಿಂಗಳಿಗೆ 992 ಯೂರೋ ಮಾತ್ರ ಕೈಗೆ ಬರುತ್ತದೆ. ಆ ಪೂರ್ತಿ ಮೊತ್ತ ಆಗ ನಮ್ಮ ರೂಪಾಯಿ ಲೆಕ್ಕದಲ್ಲಿ ಹತ್ತಿರ ಹತ್ತಿರ ಹನ್ನೊಂದು ಲಕ್ಷ ಆಗಿತ್ತು. ಮಳೆಗಾಲದಲ್ಲಿ ಕೊಳೆರೋಗ, ಅದರ ಮೇಲೆ ಎಲೆಚುಕ್ಕಿ ರೋಗ ಬಂದ ಅಡಿಕೆ ತೋಟವನ್ನು ನಂಬಿ ಅಪ್ಪ ಬ್ಯಾಂಕಿನ ಕಾಗದಕ್ಕೆ ಸಹಿ ಹಾಕಿದ್ದಾರೆ. ಅದು ನನಗೆ ಯಾವತ್ತೂ ಮರೆಯುವುದಿಲ್ಲ.

ಬೆಳಿಗ್ಗೆಯಿಂದ ಅಂಗಳದಲ್ಲಿ ತೂಕದ ಕೆಲಸ. ಅಡಿಕೆ ಮೂಟೆ ತೂಗುವ ತಕ್ಕಡಿಯ ಮೇಲೆ ಪೆಟ್ಟಿಗೆ ಇಡುವುದು, ಮುಳ್ಳು 23 ದಾಟಿದರೆ ಮತ್ತೆ ಬಿಚ್ಚುವುದು. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಹುರುಳಿ, ಸಾರಿನ ಪುಡಿ, ಮಿಡಿ ಉಪ್ಪಿನಕಾಯಿ ಒಳಗೆ ಹೋದವು. ಮನೆಯ ತುಪ್ಪ ಹೊರಗೆ ಉಳಿಯಿತು, ಹಾಲಿನ ಪದಾರ್ಥಗಳನ್ನು ಹೊರದೇಶದ ಪ್ರಯಾಣಿಕರು ಯುರೋಪು ಒಕ್ಕೂಟದೊಳಗೆ ತರುವ ಹಾಗಿಲ್ಲ. ಒಣ ಕೊಬ್ಬರಿಯೂ ಹೊರಗೆ. ಎಣ್ಣೆಯಂಶ ಜಾಸ್ತಿ, ಬೆಂಕಿ ಹಿಡಿಯುತ್ತದೆಂದು ಅದನ್ನು ವಿಮಾನದಲ್ಲಿ ಬಿಡುವುದಿಲ್ಲ. ಅಜ್ಜಿಗೆ ಇದು ಅರ್ಥವೇ ಆಗಲಿಲ್ಲ. "ತೆಂಗಿನಕಾಯಿಗೆ ಬೆಂಕಿ ಹಿಡಿಯುದಾ?" ಎಂದು ಅಪ್ಪನನ್ನು ಕೇಳಿದರು. ಅಪ್ಪ ಉತ್ತರ ಹೇಳದೆ ಹಪ್ಪಳದ ಕಟ್ಟನ್ನು ಹಳೆ ಪೇಪರಿನಲ್ಲಿ ಇನ್ನೊಂದು ಸುತ್ತು ಸುತ್ತಿದರು.

ಪಕ್ಕದ ಮನೆಯವರ ಓಮ್ನಿಯಲ್ಲಿ ಹೊರಟೆವು. ಪೆರ್ಲ, ಬದಿಯಡ್ಕ, ಚೆರ್ಕಳ. ಚೆರ್ಕಳದಲ್ಲಿ ಹೆದ್ದಾರಿ ಅಗಲ ಮಾಡುವ ಕೆಲಸ ನಡೆಯುತ್ತಿದ್ದು ಗುಡ್ಡವನ್ನು ನೆಟ್ಟಗೆ ಸೀಳಿದ್ದಾರೆ, ಕೆಂಪು ಮಣ್ಣು ಕಾರಿನೊಳಗೂ ಬಂತು. ಅಜ್ಜಿ ಮನೆಯಲ್ಲೇ "ಪೋದು ಬಲ ಮಗಾ" (ಹೋಗಿ ಬಾ ಮಗಾ) ಎಂದು ತಲೆ ಮುಟ್ಟಿ ಕಳಿಸಿದ್ದರು. ಅಮ್ಮ ಪ್ಲಾಟ್‌ಫಾರ್ಮಿನವರೆಗೂ ಬಂದು ಪಾಸ್‌ಪೋರ್ಟ್ ಉಂಟಾ, ನೀರು ಉಂಟಾ, ಎರಡನ್ನೇ ಮತ್ತೆ ಮತ್ತೆ ಕೇಳುತ್ತಾ ನಿಂತರು. ರೈಲು ಕಾಸರಗೋಡಿನಲ್ಲಿ ನಿಲ್ಲುವುದು ಸ್ವಲ್ಪವೇ ಹೊತ್ತು. ಅಪ್ಪನೂ ತಮ್ಮನೂ ಪೆಟ್ಟಿಗೆ ಒಳಗೆ ನೂಕಿ ಇಳಿಯುವಷ್ಟರಲ್ಲಿ ರೈಲು ಅಲ್ಲಾಡಿತು. ಅಳುವುದಕ್ಕೂ ಸಮಯ ಸಿಕ್ಕಲಿಲ್ಲ. ಕುಂಬಳೆ ದಾಟಿದ ಮೇಲೆ ಅತ್ತೆ.

ಶುಕ್ರವಾರ

ಪೆಟ್ಟಿಗೆಗಳಿಗೆ ಸರಪಳಿ ಹಾಕಿ ಬೀಗ ಜಡಿದಿದ್ದರೂ ರಾತ್ರಿ ಕಣ್ಣು ಮುಚ್ಚಲಿಲ್ಲ. ಉಡುಪಿ ಕಳೆಯಿತು, ಕಾರವಾರ ಕಳೆಯಿತು, ಮಡಗಾಂವಿನಲ್ಲಿ ಚಾದವನು ಕೂಗಿದ. ಬೆಳಕು ಹರಿದು ರತ್ನಾಗಿರಿಯ ಕಡೆ ಬರುವಾಗ ಬಾಗಿಲ ಬಳಿ ಹೋಗಿ ನಿಂತೆ. ಕೊಂಕಣ ರೈಲ್ವೆಯಲ್ಲಿ ಇನ್ನೂ ಮಳೆಗಾಲದ ವೇಳಾಪಟ್ಟಿಯೇ ಇತ್ತು, ಗಾಡಿ ನಿಧಾನ ಹೋಗುತ್ತಿತ್ತು. ನನಗೆ ಅದು ಒಳ್ಳೆಯದೇ ಆಯಿತು. ಹಳಿಯ ಎರಡೂ ಬದಿಗೆ ಕತ್ತರಿಸಿದ ಗುಡ್ಡ, ಮೇಲೆ ಗಟ್ಟಿ ಕೆಂಪು ಕಲ್ಲು, ಅದರ ಕೆಳಗೆ ಮೆತ್ತಗಿನ ಬಣ್ಣ ಬಣ್ಣದ ಜೇಡಿ. ನಮ್ಮ ಮುರಕಲ್ಲೇ. ಇಲ್ಲಿನವರು ಜಾಂಭಾ ಎನ್ನುತ್ತಾರೆ. ಆರೂವರೆ ಕಿಲೋಮೀಟರಿನ ಕರ್ಬುಡೆ ಸುರಂಗದೊಳಗೆ ಗಾಡಿ ನುಗ್ಗಿದಾಗ ಡಬ್ಬಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

ನಾನು ಓದಲು ಹೊರಟಿರುವುದು ಅಂತರ್ಜಲವನ್ನು. ಅದಕ್ಕೆ ಕಾರಣ ಈ ಕಲ್ಲು, ಮತ್ತು ನನ್ನ ಅಜ್ಜ.

ನಮ್ಮ ಎಣ್ಮಕಜೆ, ಬಾಯಾರು, ಪೈವಳಿಕೆ ಕಡೆಯ ಗುಡ್ಡಗಳಲ್ಲಿ ಬಾವಿಗಿಂತ ಸುರಂಗವೇ ಹೆಚ್ಚು ನಂಬಿಕೆಯದು. ಗುಡ್ಡದ ಬದಿಯಿಂದ ಒಳಕ್ಕೆ ಅಡ್ಡಲಾಗಿ ಕೊರೆಯುತ್ತಾರೆ. ಒಬ್ಬ ನೆಟ್ಟಗೆ ನಡೆಯುವಷ್ಟು ಎತ್ತರ, ಎರಡು ಅಡಿ ಆಚೀಚೆ ಅಗಲ. ನೆಲ ಬಾಯಿಯ ಕಡೆಗೆ ಸ್ವಲ್ಪವೇ ಇಳಿಜಾರು, ನೀರು ತಾನಾಗಿ ಹೊರಗೆ ಬಂದು ಕೆರೆಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಅಜ್ಜ ಪ್ರಾಯದಲ್ಲಿದ್ದಾಗ ಮಾಡಿದ್ದು ಇದೇ ಕೆಲಸ. ಪಿಕ್ಕಾಸು ಹಿಡಿದು ಕುಕ್ಕರುಗಾಲಿನಲ್ಲಿ ಕೂತು ಕೊರೆಯುವುದು, ಹಿಂದಿನಿಂದ ಅಜ್ಜಿ ಬುಟ್ಟಿಯಲ್ಲಿ ಮಣ್ಣು ಹೊರುವುದು. ಪಕ್ಕದಲ್ಲಿ ಮೇಣದ ಬತ್ತಿ ಉರಿಯುತ್ತಿರಬೇಕು. ಬತ್ತಿ ಸಣ್ಣಗಾದರೆ ಒಳಗೆ ಗಾಳಿ ಕಡಿಮೆ ಎಂದು ಅರ್ಥ, ಕೂಡಲೇ ಹೊರಗೆ ಬರಬೇಕು. ಎಲ್ಲಿ ಕೊರೆದರೆ ನೀರು ಸಿಕ್ಕೀತೆಂದು ಅಜ್ಜ ಗುಡ್ಡದ ಮೇಲಿನ ಗಿಡಮರ, ಹುತ್ತ, ಮಣ್ಣಿನ ಬಣ್ಣ ನೋಡಿ ಹೇಳುತ್ತಿದ್ದರು. ಗಡಿಯಾಚೆ ಅಡ್ಯನಡ್ಕದ ಬಳಿ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಸುರಂಗ ಕೊರೆದು ಬೋಳುಗುಡ್ಡವನ್ನು ತೋಟ ಮಾಡಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಅಜ್ಜ ಇರಲಿಲ್ಲ. ಇದ್ದಿದ್ದರೆ ಆ ದಿನ ಅವರಿಗೂ ಹಬ್ಬವೇ.

ಆದರೆ ಒಂದು ಪ್ರಶ್ನೆಗೆ ಅಜ್ಜನಲ್ಲೂ ಉತ್ತರ ಇರಲಿಲ್ಲ. ಒಂದೇ ಗುಡ್ಡ, ಒಂದೇ ಮಳೆ. ನಮ್ಮ ಸುರಂಗ ಮಾರ್ಚಿನಲ್ಲಿ ಸಣ್ಣಗಾಗುತ್ತದೆ, ನೂರು ಗಜ ಆಚೆಗಿನದು ಮೇ ತಿಂಗಳಲ್ಲೂ ಹರಿಯುತ್ತದೆ. ಯಾಕೆ? ಹತ್ತಿರ ಕೊಳವೆಬಾವಿ ಬಂದ ಮೇಲೆ ಕೆಲವು ಪೂರ್ತಿ ಒಣಗಿದವು, ಕೆಲವಕ್ಕೆ ಏನೂ ಆಗಲಿಲ್ಲ. ಅದು ಯಾಕೆ? ಕಾಸರಗೋಡು ಸರಕಾರಿ ಕಾಲೇಜಿನಲ್ಲಿ ಭೂವಿಜ್ಞಾನ ತೆಗೆದುಕೊಂಡದ್ದೇ ಈ ಪ್ರಶ್ನೆ ಹಿಡಿದುಕೊಂಡು. ಈಗ ಮುಂಬೈ ದಾರಿಯಲ್ಲಿ ರೈಲಿನ ಬಾಗಿಲಲ್ಲಿ ನಿಂತದ್ದೂ ಅದೇ ಪ್ರಶ್ನೆಗೆ.

ಎದುರಿನ ಸೀಟಿನವರ ಪೇಪರಿನ ತುಂಬ ರತನ್ ಟಾಟಾ ಅವರ ಅಂತಿಮಯಾತ್ರೆಯ ಫೋಟೋಗಳು. ಪನ್ವೇಲಿನಿಂದ ಮುಂದೆ ಇಡೀ ಡಬ್ಬಿಯಲ್ಲಿ ಅದೇ ಮಾತು.

ಕುರ್ಲಾ ಟರ್ಮಿನಸ್ಸಿಗೆ ಮಾವ ಬಂದಿದ್ದರು. ಅಮ್ಮನ ಅಣ್ಣ, ಮಾಟುಂಗದ ಒಂದು ಹೋಟೆಲಿನಲ್ಲಿ ಸಣ್ಣ ಪ್ರಾಯದಿಂದಲೇ ಇದ್ದಾರೆ. ನೇರ ಹೋಟೆಲಿಗೇ ಕರೆದುಕೊಂಡು ಹೋದರು. ಆಯುಧಪೂಜೆ. ಇಡ್ಲಿ ಹಿಟ್ಟಿನ ಗ್ರೈಂಡರಿಗೆ ಗೊಂಡೆ ಹೂವಿನ ಮಾಲೆ, ಕಲ್ಲಿನ ಮೇಲೆ ಮೂರು ಬೆರಳಿನ ಕುಂಕುಮ, ಚಾಕುಗಳನ್ನೂ ಸೌಟುಗಳನ್ನೂ ತೊಳೆದು ಬಾಳೆ ಎಲೆಯ ಮೇಲೆ ಸಾಲಾಗಿ ಇಟ್ಟಿದ್ದರು. ಅಡುಗೆಯವರೆಲ್ಲ ನಮ್ಮ ಕಡೆಯವರೇ, ಕುಂದಾಪುರದಿಂದ ಮಂಜೇಶ್ವರದವರೆಗಿನವರು. ಪೂಜೆಯ ಪ್ರಸಾದ ಕೈಗಿಟ್ಟು ಒಬ್ಬರು ಹಿರಿಯರು, "ಒಳ್ಳೆ ಓದು ಮಗಳೇ, ನಮಗೆಲ್ಲ ಹೆಮ್ಮೆ" ಎಂದರು. ಅವರ ಹೆಸರು ಕೂಡ ನನಗೆ ಗೊತ್ತಿಲ್ಲ. ಊಟ ಗಂಟಲಲ್ಲಿ ಇಳಿಯುವುದು ಕಷ್ಟವಾಯಿತು.

ರಾತ್ರಿ ಹತ್ತಕ್ಕೆಲ್ಲ ವಿಮಾನ ನಿಲ್ದಾಣ. ಮಾವನಿಗೆ ಒಳಗೆ ಬರಲಿಕ್ಕಿಲ್ಲ, ಗಾಜಿನಾಚೆ ನಾನು ಬೋರ್ಡಿಂಗ್ ಪಾಸ್ ಎತ್ತಿ ತೋರಿಸುವವರೆಗೂ ನಿಂತೇ ಇದ್ದರು.

ಶನಿವಾರ

ವಿಮಾನ ಹೊರಟದ್ದು ನಡುರಾತ್ರಿ ಕಳೆದ ಮೇಲೆ. ಒಂಬತ್ತು ತಾಸು ಹತ್ತಿರದ ಹಾರಾಟ, ಗಡಿಯಾರ ಮೂರೂವರೆ ಗಂಟೆ ಹಿಂದಕ್ಕೆ. ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಕಾಲು ಊದಿತು, ಕಿವಿ ಕಟ್ಟಿತು.

ಫ್ರಾಂಕ್‌ಫರ್ಟ್‌ನಲ್ಲಿ ಪಾಸ್‌ಪೋರ್ಟ್ ನೋಡುವ ಅಧಿಕಾರಿ ಎಲ್ಲಿ ಓದುವುದು, ಏನು ಓದುವುದು ಎಂದಷ್ಟೇ ಕೇಳಿ ಮುದ್ರೆ ಒತ್ತಿದರು. ನಿಜವಾದ ಸುಸ್ತು ಆಮೇಲಿನದು. ಸ್ಟುಟ್‌ಗಾರ್ಟಿಗೆ ನಾನು ಹತ್ತಬೇಕಾದ ರೈಲು ರದ್ದಾಗಿತ್ತು. ಎಲ್ಲ ಜರ್ಮನ್ನಿನಲ್ಲಿ, ಫಲಕವೂ ಘೋಷಣೆಯೂ. ಅಕ್ಟೋಬರಿನ ಚಳಿ ಪ್ಲಾಟ್‌ಫಾರ್ಮಿನಲ್ಲಿ ಸ್ವೆಟರಿನೊಳಗೆ ನುಗ್ಗುತ್ತಿತ್ತು, ಎರಡು ಪೆಟ್ಟಿಗೆ, ಬೆನ್ನಿಗೊಂದು ಚೀಲ.

ಆದರೂ ನಾನು ಕಂಗಾಲಾಗಲಿಲ್ಲ. ಯಾಕೆಂದರೆ ಓದಲಾಗದ ಫಲಕದ ಮುಂದೆ ನಿಲ್ಲುವುದು ಕಾಸರಗೋಡಿನ ಕನ್ನಡದವರಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರಕ್ಕಿರುವ ಭಾಗ ಕರ್ನಾಟಕಕ್ಕೆ ಸೇರಲಿ ಎಂದು ಮಹಾಜನ ಆಯೋಗ 1967ರಲ್ಲಿ ಹೇಳಿತು, ಹೇಳಿಕೆ ಕಾಗದದಲ್ಲೇ ಉಳಿಯಿತು. ಅಮ್ಮ ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರು, ಅಚ್ಚುಕಟ್ಟಾಗಿ ಬರೆಯುತ್ತಾರೆ. ಆದರೂ ನನ್ನ ಸಾಲಕ್ಕೆ ಆದಾಯ ಪ್ರಮಾಣಪತ್ರ ತರಲು ಒಂದು ಕಚೇರಿಗೆ ಹೋದಾಗ ಅರ್ಜಿ ಮಲಯಾಳದಲ್ಲಿ ಮಾತ್ರ ಇತ್ತು. ತನ್ನ ಊರಿನ ಕಚೇರಿಯಲ್ಲೇ ತನ್ನ ಅರ್ಜಿಯನ್ನು ಇನ್ನೊಬ್ಬರ ಕೈಯಲ್ಲಿ ಬರೆಸಬೇಕಾಗಿ ಬಂದಾಗ ಅವರ ಮುಖ ಹೇಗಿತ್ತು ಎಂದು ನಾನು ನೋಡಿದ್ದೇನೆ. ಇದು ಅನ್ಯಾಯ ಎಂದು ನಾನು ಈಗಲೂ ಹೇಳುತ್ತೇನೆ. ಜರ್ಮನಿಯಲ್ಲಿ ಜರ್ಮನ್ ಕಲಿಯಬೇಕಾದದ್ದು ನ್ಯಾಯವೇ, ನಾನು ಬಂದದ್ದು ಅವರ ಊರಿಗೆ. ಅಮ್ಮ ಎಲ್ಲಿಗೂ ಹೋದವರಲ್ಲ.

ಪಕ್ಕದಲ್ಲಿ ನಿಂತವರನ್ನು ಕೇಳಿದೆ, ಮುಂದಿನ ರೈಲು ತೋರಿಸಿದರು. ಸ್ಟುಟ್‌ಗಾರ್ಟಿನ ಮುಖ್ಯ ನಿಲ್ದಾಣ 2010ರಿಂದ ಕಟ್ಟುತ್ತಲೇ ಇರುವ ಜಾಗ. ತಾತ್ಕಾಲಿಕ ಓಣಿಗಳಲ್ಲಿ ಪೆಟ್ಟಿಗೆ ಎಳೆದು ಎಳೆದು ಅಂಗೈ ಕೆಂಪಾಯಿತು. ಅಲ್ಲಿಂದ ಟ್ಯೂಬಿಂಗನ್ ಗಾಡಿ. ನೆಕಾರ್ ನದಿಯ ಬದಿಯಲ್ಲೇ ಹೋಗುತ್ತದೆ. ಎಸ್ಲಿಂಗನ್ ಎಂಬ ಫಲಕ ಬಂದಾಗ ನಿದ್ದೆ ಹಾರಿತು. 1843ರ ಜುಲೈ 1ರಂದು ಮಂಗಳೂರಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೋಗ್ಲಿಂಗ್ ತೀರಿಕೊಂಡದ್ದು ಈ ಊರಿನಲ್ಲಿ, 1881ರಲ್ಲಿ. ನಮ್ಮ ಹೈಸ್ಕೂಲಿನ ಕನ್ನಡ ಮಾಸ್ಟ್ರು ಪ್ರತಿ ಜುಲೈ ಒಂದಕ್ಕೆ ಅವರ ಕಥೆ ಹೇಳಿಸುತ್ತಿದ್ದರು. ಬೋರ್ಡಿನಲ್ಲಿ ಮಾತ್ರ ನೋಡಿದ್ದ ಹೆಸರಿನ ಊರಲ್ಲಿ ನನ್ನ ಗಾಡಿ ನಿಂತು ಹೊರಟಿತು.

ಟ್ಯೂಬಿಂಗನ್‌ನಲ್ಲಿ ನನಗಾಗಿ ಕಾದಿದ್ದವರು ತಲಶ್ಶೇರಿಯ ಒಬ್ಬ ಚೇಚಿ, ಅಂದರೆ ಅಕ್ಕ, ಅಲ್ಲೇ ಸಂಶೋಧನೆ ಮಾಡುವವರು. ಶನಿವಾರ ಹಾಸ್ಟೆಲಿನ ಕೀಲಿ ಕೊಡುವವರು ಇರುವುದಿಲ್ಲವೆಂದು ಶುಕ್ರವಾರವೇ ಹೋಗಿ ಇಸಕೊಂಡಿದ್ದರು. ಮಲಯಾಳದಲ್ಲೇ ಮಾತಾಡಿದೆವು. ಬಸ್ಸು ಗುಡ್ಡ ಹತ್ತಿ ವಾಲ್ಡ್‌ಹೊಯ್ಸರ್ ಓಸ್ಟ್ ಎಂಬಲ್ಲಿಗೆ ಬಂತು, ಎತ್ತರದ ವಿದ್ಯಾರ್ಥಿ ನಿಲಯಗಳು. ಚೇಚಿ ಎರಡು ಬನ್ನು, ಒಂದು ಪೊಟ್ಟಣ ಹಾಲು ಕೈಯಲ್ಲಿಟ್ಟು, ನಾಳೆ ಭಾನುವಾರ, ಅಂಗಡಿ ಒಂದೂ ತೆರೆದಿರುವುದಿಲ್ಲ, ಬೇಕಾದದ್ದು ಈಗಲೇ ತಾ ಎಂದರು. ಅವರೇ ಅಂಗಡಿಗೂ ಬಂದರು. ಬಾಟಲಿ ನೀರು ಎತ್ತಿಕೊಂಡೆ, ಅದನ್ನು ತೆಗೆದು ವಾಪಸ್ಸಿಟ್ಟು, ನಲ್ಲಿ ನೀರೇ ಕುಡಿಯುವುದು ಎಂದರು.

ಹಾಸಿಗೆಗೆ ಬಿದ್ದದ್ದೇ ಗೊತ್ತು.

ಭಾನುವಾರ

ಮೂರು ಗಂಟೆಗೆ ಎಚ್ಚರ. ಊರಿನಲ್ಲಿ ಬೆಳಗಿನ ಆರೂವರೆ, ಅಪ್ಪ ತೋಟಕ್ಕೆ ಇಳಿಯುವ ಹೊತ್ತು. ಎಲ್ಲರಿಗೂ ಸೇರಿದ ಅಡುಗೆಮನೆಗೆ ಹೋಗಿ ಕುಚ್ಚಲಕ್ಕಿ ಇಟ್ಟೆ. ಕರೆಂಟಿನ ಒಲೆಯ ತಟ್ಟೆ ನಿಧಾನ ಬಿಸಿಯಾಗುತ್ತದೆ, ಆರಿಸಿದ ಮೇಲೂ ತುಂಬ ಹೊತ್ತು ಬಿಸಿಯಾಗಿಯೇ ಇರುತ್ತದೆ. ಅಕ್ಕಿ ಅರಳಲು ಒಂದು ಗಂಟೆ ಮೇಲೆ ಹಿಡಿಯಿತು. ಪಾತ್ರೆಯ ಅಂಚಿಗೆ ಬಿಳಿಯ ಸುಣ್ಣದ ಗೆರೆ ಕೂತಿತ್ತು. ಇಲ್ಲಿನ ನೀರು ಗಡಸು, ನಮ್ಮ ಸುರಂಗದ ನೀರಿನಲ್ಲಿ ಇಂಥ ಗೆರೆ ಕಂಡದ್ದಿಲ್ಲ. ಗಂಜಿ, ಮಿಡಿ ಉಪ್ಪಿನಕಾಯಿ. ಬೆಳಗಾಗುವ ಮೊದಲೇ ಊಟ ಮುಗಿಯಿತು.

ಹಗಲು ಪೇಟೆಗೆ ಇಳಿದೆ. ಚೇಚಿ ಹೇಳಿದ್ದು ನಿಜ, ಬಾಗಿಲು ಹಾಕಿದ ಬೀದಿಗಳು, ಗಂಟೆಯ ಸದ್ದು. ನೆಕಾರ್ ಸೇತುವೆಯ ಮೇಲೆ ನಿಂತರೆ ಹಳದಿ ತಿರುಗುತ್ತಿರುವ ಮರಗಳ ಸಾಲು, ಕೋಲು ಊರಿ ನಡೆಸುವ ಉದ್ದನೆಯ ದೋಣಿಗಳು, ಕವಿ ಹೋಲ್ಡರ್ಲಿನ್ 1843ರಲ್ಲಿ ಸಾಯುವವರೆಗೂ ಇದ್ದ ಹಳದಿ ಗೋಪುರ. ವಿಶ್ವವಿದ್ಯಾಲಯ ಹುಟ್ಟಿದ್ದು 1477ರಲ್ಲಿ. ಕೆಪ್ಲರ್ ಓದಿದ್ದು ಇಲ್ಲಿ. ಗುಡ್ಡದ ಮೇಲಿನ ಕೋಟೆಯ ಹಳೆ ಅಡುಗೆಮನೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದಾಗ, 1869ರಲ್ಲಿ, ಫ್ರೀಡ್ರಿಕ್ ಮೀಷರ್ ಡಿಎನ್‌ಎಯನ್ನು ಮೊದಲ ಬಾರಿ ಬೇರ್ಪಡಿಸಿದ. ಅಷ್ಟು ದೊಡ್ಡ ಕೆಲಸ ನಡೆದ ಕೋಣೆ ಎಷ್ಟು ಸಣ್ಣದು!

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಬೇರೆ. ಮೋಗ್ಲಿಂಗ್ ಓದಿದ್ದು ಈ ಊರಿನಲ್ಲಿ. ಮಲಯಾಳದ ನಿಘಂಟು ಮಾಡಿದ ಹರ್ಮನ್ ಗುಂಡರ್ಟ್ ಓದಿದ್ದೂ ಇಲ್ಲೇ, ಅವರ ಹಸ್ತಪ್ರತಿಗಳು ಇಲ್ಲಿನ ಗ್ರಂಥಾಲಯದಲ್ಲಿವೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ, ಎಪ್ಪತ್ತು ಸಾವಿರದಷ್ಟು ಶಬ್ದಗಳ ಕನ್ನಡ ನಿಘಂಟಿನ ಕಿಟ್ಟೆಲ್ ಕೊನೆಯುಸಿರೆಳೆದದ್ದು ಇದೇ ಟ್ಯೂಬಿಂಗನ್‌ನಲ್ಲಿ, 1903ರಲ್ಲಿ. ಈ ಮೂವರೂ ನಮ್ಮ ಕಡೆಗೆ ಬಂದದ್ದು ಧರ್ಮಪ್ರಚಾರಕ್ಕೆ, ಅದನ್ನು ಮರೆಸಬೇಕಾಗಿಲ್ಲ. ಆದರೆ ನಮ್ಮ ಹಳ್ಳಿಯವರ ಬಾಯಿಂದ ಮಾತು ಕೇಳಿ ಕೇಳಿ ಬರೆದುಕೊಂಡ ಶ್ರದ್ಧೆ ದೊಡ್ಡದು. ತಲಶ್ಶೇರಿಯ ಚೇಚಿಗೆ ಗುಂಡರ್ಟ್, ನನಗೆ ಕಿಟ್ಟೆಲ್. ಕಾಸರಗೋಡಿನವಳಾದ್ದರಿಂದ ನನಗೆ ಇಬ್ಬರೂ ಬೇಕು.

ಸಂಜೆ ಅಮ್ಮನಿಗೆ ವಿಡಿಯೋ ಕರೆ. "ಚಳಿ ಉಂಟಾ? ತಲೆಗೆ ಬಟ್ಟೆ ಕಟ್ಟು" ಎಂದರು. ಗಂಜಿ ಮಾಡಿದೆ ಎಂದಾಗ ಅಜ್ಜಿಗೆ ಸಮಾಧಾನವಾಯಿತು.

ಸೋಮವಾರ

ವೇಳಾಪಟ್ಟಿಯಲ್ಲಿ ಹತ್ತು ಗಂಟೆ. ಒಂಬತ್ತೂವರೆಗೇ ಮೊರ್ಗೆನ್‌ಸ್ಟೆಲೆ ಎಂಬ ಗುಡ್ಡದ ಮೇಲಿನ ವಿಜ್ಞಾನ ಕ್ಯಾಂಪಸ್ಸಿನಲ್ಲಿ ಇದ್ದೆ. ಇಲ್ಲಿ ಹತ್ತು ಎಂದರೆ ಹತ್ತೂಕಾಲು, ಹಳೆಯ ಪದ್ಧತಿಯಂತೆ.

ಮೇಡಂ ಮೊದಲಿಗೆ ಹೆಸರು ಕೇಳಲಿಲ್ಲ. "ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ?" ಇದನ್ನು ಹೇಳಿ ನಿಮ್ಮ ಪರಿಚಯ ಮಾಡಿಕೊಳ್ಳಿ ಎಂದರು. ಘಾನಾದವನು ಶಾಲೆಯ ಅಂಗಳದ ಕೈಪಂಪಿನ ಬಗ್ಗೆ ಹೇಳಿದ. ಬೊಗೋಟಾದವಳು ಆಂಡೀಸ್ ಪರ್ವತದ ಮೇಲಿನ ಜೌಗು ಹುಲ್ಲುಗಾವಲುಗಳ ಬಗ್ಗೆ ಹೇಳಿದಳು, ಅವರ ನಗರಕ್ಕೆ ನೀರು ಅಲ್ಲಿಂದ. ಲಾಹೋರಿನವಳು ಕಾಲುವೆಯ ಬಗ್ಗೆ. ಟ್ಯೂಬಿಂಗನ್‌ನವನೇ ಆದ ಹುಡುಗ ಅರ್ಧ ಮಾತ್ರ ಹೇಳಿದ, ಮೇಡಂ ತುಂಬಿಸಿದರು: ನೆಕಾರ್ ಕಣಿವೆಯ ಬಾವಿಗಳಿಂದ ಒಂದಂಶ, ದಕ್ಷಿಣದ ಕಾನ್‌ಸ್ಟನ್ಸ್ ಸರೋವರದಿಂದ ದೂರ ಪೈಪಿನಲ್ಲಿ ಬರುವ ಒಂದಂಶ.

ನನ್ನ ಸರದಿ ಬಂತು. ಬಾಯಲ್ಲಿ ಹೇಳಿದರೆ ಆಗುವುದಿಲ್ಲವೆಂದು ಬೋರ್ಡಿಗೆ ಹೋಗಿ ಗುಡ್ಡ ಬರೆದೆ. ಮೇಲೆ ಗಟ್ಟಿ ಮುರಕಲ್ಲು, ಕೆಳಗೆ ಜೇಡಿ, ನಡುವೆ ನೀರು ಇಳಿದು ನಿಲ್ಲುವ ಜಾಗ, ಅದಕ್ಕೆ ಅಡ್ಡಲಾಗಿ ಸುರಂಗ. ಮುರಕಲ್ಲನ್ನು 1807ರಲ್ಲಿ ಮೊದಲು ವಿವರಿಸಿ ಬರೆದ ಫ್ರಾನ್ಸಿಸ್ ಬುಕಾನನ್ ಅದನ್ನು ಕಂಡದ್ದು ಕೇರಳದ ಅಂಗಾಡಿಪ್ಪುರದಲ್ಲಿ ಎಂದು ಮೇಡಂ ಸೇರಿಸಿದರು. ಇರಾನಿನ ಯಾಜ್ದ್‌ನಿಂದ ಬಂದವನು ಎದ್ದೇ ನಿಂತ. ಅವರ ಕನಾತ್‌ಗಳು ಹೀಗೆಯೇ, 2016ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ. ಬಂದು ನನ್ನ ಚಿತ್ರದ ಪಕ್ಕದಲ್ಲೇ ತನ್ನದನ್ನು ಬರೆದ. ಅವರದ್ದು ಮೈಲುಗಟ್ಟಲೆ, ಉದ್ದಕ್ಕೂ ಮೇಲಿನಿಂದ ಗಾಳಿಗುಂಡಿಗಳು. ನಮ್ಮದು ಸಣ್ಣದು, ಬಹಳಷ್ಟಕ್ಕೆ ಗಾಳಿಗುಂಡಿಯೇ ಇಲ್ಲ. ಗಾಳಿ ಹೇಗೆ ಎಂದು ಕೇಳಿದ. ಅಜ್ಜನ ಮೇಣದ ಬತ್ತಿಯ ಕಥೆ ಹೇಳಿದೆ. ಹೇಳುವಾಗ ಇಂಗ್ಲಿಷ್ ತಡವರಿಸಲಿಲ್ಲ, ಅದು ನನಗೇ ಆಶ್ಚರ್ಯ.

ಮುಗಿಸಿ ಕೂತಾಗ ಎಲ್ಲರೂ ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು. ಇಲ್ಲಿ ತರಗತಿಯಲ್ಲಿ ಚಪ್ಪಾಳೆಯ ಬದಲಿಗೆ ಅದು. ಟಕಟಕ ಸದ್ದು, ಕಂಗಿನ ಸೋಗೆಯ ಮಾಡಿಗೆ ಆಲಿಕಲ್ಲು ಬಿದ್ದ ಹಾಗೆ. ಆ ಸದ್ದು ಅಜ್ಜನಿಗೆ ಸಲ್ಲಬೇಕಾದದ್ದು.

ಮಧ್ಯಾಹ್ನ ಮೆನ್ಸಾದಲ್ಲಿ, ಅಂದರೆ ವಿದ್ಯಾರ್ಥಿಗಳ ಊಟದ ಮನೆಯಲ್ಲಿ, ಇಲ್ಲಿನವರದೇ ಊಟ: ಬೇಯಿಸಿದ ಚೆನ್ನಂಗಿ ಬೇಳೆ, ಜೊತೆಗೆ ಸ್ಪೆಟ್ಸ್‌ಲೆ ಎಂಬ ಮೆತ್ತಗಿನ ಹಿಟ್ಟಿನ ಎಳೆಗಳು. ಸಾಸೇಜು ಬೇಡ ಎಂದೆ. ಬೇಳೆಗೆ ಒಗ್ಗರಣೆ ಇಲ್ಲ, ಸ್ವಲ್ಪ ಹುಳಿ ಉಂಟು. ಹೊಟ್ಟೆ ತುಂಬ ಉಂಡೆ. ಇರಾನಿನವನೂ ಬೊಗೋಟಾದವಳೂ ಒಟ್ಟಿಗೇ ಕೂತರು, ಮುಂದಿನ ವಾರದ ಹೊರಾಂಗಣ ಅಧ್ಯಯನಕ್ಕೆ ನಾವು ಮೂವರು ಒಂದು ಗುಂಪು.

ಹೊರಡುವಾಗ ಮೇಡಂ ಕರೆದು, ಆ ಸುರಂಗದಿಂದ ನಿಮಿಷಕ್ಕೆ ಎಷ್ಟು ನೀರು ಬರುತ್ತದೆ, ಮಳೆ ನಿಂತ ಮೇಲೆ ಯಾವ ಲೆಕ್ಕದಲ್ಲಿ ಇಳಿಯುತ್ತದೆ, ಅಳತೆ ಉಂಟೇ ಎಂದು ಕೇಳಿದರು. ನಮ್ಮ ಮನೆಯಲ್ಲಿ ಅದನ್ನು ಯಾರೂ ಅಳೆದವರಲ್ಲ. ಇದೇ ಅಕ್ಟೋಬರಿನಿಂದ ಮೇವರೆಗೆ ವಾರ ವಾರ ಬರೆದಿಟ್ಟರೆ ನಿಮ್ಮ ಪ್ರಬಂಧಕ್ಕೆ ಅದೇ ಆಧಾರ ಎಂದರು.

ಬಸ್ಸಿನಲ್ಲಿ ಕೂತು ತಮ್ಮನಿಗೆ ಸಂದೇಶ ಕಳಿಸಿದೆ. ಊರಿನಲ್ಲಿ ರಾತ್ರಿ ಎಂಟು ಕಳೆದಿತ್ತು. ಸುರಂಗದ ಬಾಯಿಯ ದಂಬೆಯ ಕೆಳಗೆ ಬಕೆಟು ಹಿಡಿದು, ತುಂಬಲು ಎಷ್ಟು ಸೆಕೆಂಡು ಎಂದು ಮೊಬೈಲಿನಲ್ಲಿ ನೋಡಿ ಬರೆದಿಡು, ಪ್ರತಿ ಭಾನುವಾರ.

"ಯಾವ ಬಕೆಟು ಅಕ್ಕಾ? ದನದ ಹಟ್ಟಿದಾ, ಬಚ್ಚಲಿದ್ದಾ?"

"ಬಚ್ಚಲಿದ್ದು. ಹತ್ತು ಲೀಟರಿನ ಗೆರೆ ಉಂಟಲ್ಲ, ಅದು. ಮೂರು ಸಲ ಅಳೆ. ಮಳೆ ಬಂದ ದಿನ ಬೇರೆ ಗುರುತು ಹಾಕು."

"ಭಾನುವಾರದವರೆಗೆ ಯಾಕೆ ಕಾಯುದು? ನಾಳೆ ಶಾಲೆಗೆ ಹೋಗುವ ಮೊದಲು ಮಾಡ್ತೇನೆ" ಎಂದ.